ಪರದೆ ಯಾವುದಕ್ಕೆ ಕುಣಿಯುತ್ತದೆ?

ಚಳ್ಳಕೆರೆಯಲ್ಲಿ ಒಂದು ಸಂಜೆ ಕಾರ್ಯಕ್ರಮ. ವೇದಿಕೆಯ ಮೇಲೆ ಉರುಮೆಯ ತಂಡ, ಅವರ ಬೆನ್ನಿಗೆ ಎಲ್‌ಇಡಿ ಗೋಡೆ. ಕಾರ್ಯಕ್ರಮ ಯಾವುದೆಂಬುದು ಮುಖ್ಯವಲ್ಲ, ಇಂಥದ್ದನ್ನು ಈಗ ಯಾವ ತಾಲ್ಲೂಕು ಕೇಂದ್ರದಲ್ಲಾದರೂ ನೋಡಬಹುದು. ಉರುಮೆಗೆ ಪೆಟ್ಟು ಬಿದ್ದಾಗಲೆಲ್ಲ ಗೋಡೆಯ ಮೇಲೊಂದು ಕೆಂಪು ವೃತ್ತ ಉಬ್ಬುತ್ತಿತ್ತು, ಅದರ ಸುತ್ತ ಹಳದಿ ಗೆರೆಗಳು ನವಿಲುಗರಿಯ ಹಾಗೆ ಕೆದರುತ್ತಿದ್ದವು. ಜನ ಶಿಳ್ಳೆ ಹೊಡೆದರು. ನಾನೂ ಮೊದಲ ಐದು ನಿಮಿಷ ಬಾಯಿ ಬಿಟ್ಟುಕೊಂಡು ನೋಡಿದೆ. ಆಮೇಲೆ ಉರುಮೆಯವರು ಬಡಿಯುವುದನ್ನು ಕಡಿಮೆ ಮಾಡಿ, ಬಾಗಿದ ಕೋಲಿನಿಂದ ಚರ್ಮವನ್ನು ಉಜ್ಜತೊಡಗಿದರು. ಹೊಟ್ಟೆಯೊಳಗಿಂದ ಎದ್ದು ಬಂದಂಥ ಆ ನರಳಿಕೆ ಏರುತ್ತ, ಇಳಿಯುತ್ತ, ಮತ್ತೆ ಏರುತ್ತ ಮೈದಾನದ ತುದಿಗೂ ಮುಟ್ಟಿತು. ನನ್ನ ಪಕ್ಕ ಕೂತಿದ್ದ ಅಜ್ಜಿಯೊಬ್ಬರು ಎದ್ದು ನಿಂತು ಕೈಮುಗಿದರು. ಪರದೆಯ ಮೇಲಿನ ವೃತ್ತ ಮಾತ್ರ ಅರ್ಧ ಉಬ್ಬಿ ಅಲ್ಲೇ ನಿಂತುಬಿಟ್ಟಿತ್ತು. ಅದಕ್ಕೆ ಏನೂ ಕೇಳಿಸಿರಲಿಲ್ಲ.

ಈ ಬರಹ ಆ ನಿಂತುಹೋದ ವೃತ್ತದ ಬಗ್ಗೆ. ಧ್ವನಿಗೆ ತಕ್ಕ ಹಾಗೆ ಚಿತ್ರ ಕುಣಿಸುವ ಈ ಕೆಲಸವನ್ನು ನಾವು ಅಲಂಕಾರವೆಂದು ಬಗೆದು, ಶಾಮಿಯಾನ ಮತ್ತು ಸೀರಿಯಲ್ ಸೆಟ್ಟಿನ ಸಾಲಿಗೆ ಸೇರಿಸಿ ಮರೆಯುತ್ತೇವೆ. ನನಗೆ ಅದೊಂದು ಓದು ಎಂದು ತೋರುತ್ತದೆ. ಹಾಡೊಂದನ್ನು ಕೇಳಿಸಿಕೊಂಡು, ಇದರಲ್ಲಿ ಇಷ್ಟು ಮುಖ್ಯ, ಇಷ್ಟನ್ನು ಬಿಡಬಹುದು ಎಂದು ಎಲ್ಲರೆದುರು ತೀರ್ಪು ಕೊಡುವ ಓದು. ಕಾವ್ಯದ ತಪ್ಪು ಓದನ್ನು ನಾವು ಪ್ರಶ್ನಿಸುತ್ತೇವೆ. ಇಪ್ಪತ್ತು ಅಡಿ ಎತ್ತರದ ಈ ಓದನ್ನು ಯಾರೂ ಪ್ರಶ್ನಿಸಿದ್ದನ್ನು ನಾನು ನೋಡಿಲ್ಲ.

ಮೊದಲು ಯಂತ್ರ ಏನು ಮಾಡುತ್ತದೆ ನೋಡೋಣ. ಮೈಕಿನಿಂದ ಬಂದ ಧ್ವನಿಯನ್ನು ಕಂಪ್ಯೂಟರು ಸಾಮಾನ್ಯವಾಗಿ ಸೆಕೆಂಡಿಗೆ 44,100 ಸಲ ಅಳೆಯುತ್ತದೆ. ಆ ಅಳತೆಗಳಲ್ಲಿ ಒಂದು ಕಟ್ಟನ್ನು, ಎಂದರೆ 2048 ಅಳತೆಗಳನ್ನು, ಒಟ್ಟಿಗೆ ತೆಗೆದುಕೊಂಡು, ಇದರೊಳಗೆ ಯಾವ ಫ್ರೀಕ್ವೆನ್ಸಿಯ ಕಂಪನ ಎಷ್ಟಿದೆ ಎಂದು ಬಿಡಿಸಿ ಇಡುತ್ತದೆ. ಶೇಂಗಾ ಮಂಡಿಯಲ್ಲಿ ರಾಶಿಗೆ ಜರಡಿ ಹಿಡಿದು ದಪ್ಪ ಕಾಳು, ಸಣ್ಣ ಕಾಳು, ನುಚ್ಚು ಎಂದು ಬೇರೆ ಮಾಡಿದ ಹಾಗೆ. ಎಂಥ ಅಲೆಯನ್ನೂ ಸರಳ ಅಲೆಗಳ ಮೊತ್ತವಾಗಿ ಬರೆಯಬಹುದೆಂಬ ಯೋಚನೆ ಫ್ರೆಂಚ್ ಗಣಿತಜ್ಞ ಫೂರಿಯೇಯದು. 1822ರಲ್ಲಿ ಶಾಖದ ಬಗ್ಗೆ ಬರೆದ ಪುಸ್ತಕದಲ್ಲಿ ಆತ ಅದನ್ನು ವಿಸ್ತರಿಸಿದ. ಕೂಲಿ ಮತ್ತು ಟ್ಯೂಕಿ 1965ರಲ್ಲಿ ಆ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಬೇಗ ಮುಗಿಸುವ ವಿಧಾನವನ್ನು ಪ್ರಕಟಿಸಿದರು. ಎಫ್‌ಎಫ್‌ಟಿ ಎಂದು ಹುಡುಗರು ಕರೆಯುವುದು ಇದನ್ನೇ. ಹೀಗೆ ಬೇರೆಯಾದ ಒಂದೊಂದು ಗುಂಪಿನ ಬಲವನ್ನು ಚಿತ್ರದ ಒಂದೊಂದು ಗುಣಕ್ಕೆ ಕಟ್ಟುತ್ತಾರೆ. ತಗ್ಗು ಧ್ವನಿ ಹೆಚ್ಚಿದರೆ ವೃತ್ತ ದೊಡ್ಡದಾಗಲಿ, ಎತ್ತರದ ಧ್ವನಿ ಹೆಚ್ಚಿದರೆ ಗೆರೆ ಕೆದರಲಿ.

ಗಣಿತಕ್ಕೆ ಪಕ್ಷಪಾತವಿಲ್ಲ, ಒಪ್ಪೋಣ. ಆದರೆ ಜರಡಿಯ ಕಣ್ಣು ಎಷ್ಟು ಅಗಲ ಇರಬೇಕೆಂದು ಯಾರೋ ನಿರ್ಧರಿಸಿರುತ್ತಾರೆ. ಕಾಲೇಜು ಹುಡುಗರು ಇಂಥ ಕೆಲಸಕ್ಕೆ ಬಳಸುವ ಪಿ-ಫೈವ್ ಎಂಬ ಉಚಿತ ತಂತ್ರಾಂಶವನ್ನೇ ತೆಗೆದುಕೊಳ್ಳಿ. ಅದರ ಧ್ವನಿ ವಿಭಾಗದಲ್ಲಿ ಐದು ಗುಂಪುಗಳನ್ನು ಮೊದಲೇ ಮಾಡಿಟ್ಟಿದ್ದಾರೆ: 20ರಿಂದ 140 ಹರ್ಟ್ಸ್ ‘ಬೇಸ್’, 140ರಿಂದ 400 ‘ಲೋ-ಮಿಡ್’, 400ರಿಂದ 2600 ‘ಮಿಡ್’, 2600ರಿಂದ 5200 ‘ಹೈ-ಮಿಡ್’, ಅಲ್ಲಿಂದ 14,000ದವರೆಗೆ ‘ಟ್ರೆಬಲ್’. ಇದನ್ನು ಒಂದು ಪಠ್ಯವೆಂದು ಓದಿ. ತಳದಲ್ಲಿ ಒಂದು ಡ್ರಮ್ಮು ಅಥವಾ ಬೇಸ್ ಗಿಟಾರು, ಮೇಲೆ ಲೋಹದ ತಾಳ, ನಡುವೆ ಉಳಿದದ್ದೆಲ್ಲ. ಕ್ಲಬ್ಬಿನ ಸಂಗೀತಕ್ಕೆ ಸೊಗಸಾಗಿ ಹೊಂದುವ ವಿಭಜನೆ. ಹೆಣ್ಣು ದನಿಯ ಮೂಲ ಶ್ರುತಿ ಹೆಚ್ಚಾಗಿ ‘ಲೋ-ಮಿಡ್’ನಲ್ಲಿ ಬೀಳುತ್ತದೆ. ಪದದ ಸ್ವರಾಕ್ಷರಗಳನ್ನು ಒಂದರಿಂದ ಒಂದು ಬೇರೆ ಮಾಡುವ ಅನುರಣನವೆಲ್ಲ ಬಹುಪಾಲು ‘ಮಿಡ್’ ಎಂಬ ಆ ದೊಡ್ಡ ಗೋಣಿಚೀಲದಲ್ಲಿ. ಆ, ಈ, ಊ ಎಂಬ ವ್ಯತ್ಯಾಸವೇ ಚೀಲದೊಳಗೆ ಕಲೆಸಿಹೋಗುತ್ತದೆ. ಮಾತಿಗೆ ಕಿವಿಗೊಡುವವರು ಇಂಥ ಜರಡಿ ಮಾಡುತ್ತಿರಲಿಲ್ಲ.

ಇನ್ನೊಂದು ತೊಡಕು ಕಾಲದ್ದು. 2048 ಅಳತೆಗಳ ಕಟ್ಟು ತುಂಬಲು ಸುಮಾರು 46 ಮಿಲಿಸೆಕೆಂಡು ಬೇಕು. ಆ ಕಟ್ಟಿನಲ್ಲಿ ಒಂದೊಂದು ಗೂಡಿನ ಅಗಲ ಸುಮಾರು 21.5 ಹರ್ಟ್ಸ್. ಹಾಡುವವರ ಷಡ್ಜ 210 ಹರ್ಟ್ಸ್ ಇದ್ದರೆ ಶುದ್ಧ ರಿಷಭ 224ರ ಹತ್ತಿರ ಬರುತ್ತದೆ, ಎರಡೂ ಒಂದೇ ಗೂಡಿಗೆ. ಗಾಯಕಿ ಸ್ವರ ಬದಲಿಸಿದರೂ ಆ ಗೂಡಿಗೆ ಗೊತ್ತಾಗುವುದು ಕಷ್ಟ. ಸರಿ, ಕಟ್ಟನ್ನು 8192ಕ್ಕೆ ಹಿಗ್ಗಿಸೋಣ. ಗೂಡು 5.4 ಹರ್ಟ್ಸಿಗೆ ಸಣ್ಣದಾಗುತ್ತದೆ, ಆದರೆ ಕಟ್ಟು ತುಂಬಲು 186 ಮಿಲಿಸೆಕೆಂಡು. ಸೆಕೆಂಡಿಗೆ ಎಂಟು ಪೆಟ್ಟು ಹಾಕುವ ವಾದ್ಯದವನು ಅಷ್ಟರೊಳಗೆ ಒಂದು ಪೆಟ್ಟು ಮುಗಿಸಿ ಇನ್ನೊಂದರ ನಡುವೆ ಇರುತ್ತಾನೆ. ಸ್ವರ ಸ್ಪಷ್ಟವಾಗಬೇಕಾದರೆ ಲಯ ಮಸುಕಾಗಬೇಕು, ಲಯ ಸ್ಪಷ್ಟವಾಗಬೇಕಾದರೆ ಸ್ವರ. ಇದು ತಂತ್ರಾಂಶದ ದೋಷವಲ್ಲ, ಅಲೆಯ ಸ್ವಭಾವ. ಎರಡರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದು ಮಾತ್ರ ರುಚಿಯ ಪ್ರಶ್ನೆ, ಮತ್ತು ಹೆಚ್ಚಿನವರು ಲಯವನ್ನೇ ಉಳಿಸಿಕೊಂಡಿದ್ದಾರೆ.

ಅದನ್ನಾದರೂ ಪೂರ್ತಿ ಉಳಿಸಿಕೊಂಡರೇ ಎಂದರೆ, ಅದೂ ಇಲ್ಲ. ಚಿತ್ರ ತೀರಾ ಚಡಪಡಿಸಬಾರದೆಂದು ‘ನಯಗೊಳಿಸುವ’ ಒಂದು ಸಂಖ್ಯೆ ಇಟ್ಟಿರುತ್ತಾರೆ. ಪಿ-ಫೈವ್‌ನಲ್ಲಿ ನಾವು ಮುಟ್ಟದೆ ಬಿಟ್ಟರೆ ಅದು 0.8. ಎಂದರೆ ಪ್ರತಿ ಸಲವೂ ಹಳೆಯ ಬೆಲೆಯ ಶೇಕಡಾ 80ನ್ನು ಉಳಿಸಿಕೊಂಡು ಹೊಸದರ ಶೇಕಡಾ 20ನ್ನು ಮಾತ್ರ ಸೇರಿಸುವುದು. ಸೆಕೆಂಡಿಗೆ 60 ಚಿತ್ರಗಳ ಲೆಕ್ಕದಲ್ಲಿ, ಹೊಸ ಪೆಟ್ಟಿನ ಬಲದ ಹತ್ತರಲ್ಲಿ ಒಂಬತ್ತು ಪಾಲನ್ನು ಚಿತ್ರ ಮುಟ್ಟಲು ಹತ್ತು ಫ್ರೇಮು, ಸೆಕೆಂಡಿನ ಆರನೇ ಒಂದು ಭಾಗ ಬೇಕು. ಅಷ್ಟರಲ್ಲಿ ಪೆಟ್ಟೇ ಮುಗಿದಿರುತ್ತದೆ. ನಾವು ನೋಡುವುದು ಪೆಟ್ಟಿನ ಮಂಪರನ್ನು. ಈ ಸಂಖ್ಯೆಯನ್ನು ಬದಲಿಸುವುದು ಒಂದು ಕ್ಷಣದ ಕೆಲಸ, ಆದರೆ ಬದಲಿಸಲು ಅದು ಅಲ್ಲಿದೆಯೆಂದು ಗೊತ್ತಿರಬೇಕು.

ಧ್ವನಿ ತಾನಾಗಿಯೇ ಚಿತ್ರವಾದದ್ದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಹಳೆಯ ಉದಾಹರಣೆ ಇದೆ. ಸಿ.ವಿ. ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದಾಗ, 1934ರಲ್ಲಿ, ಭಾರತೀಯ ಚರ್ಮವಾದ್ಯಗಳ ಬಗ್ಗೆ ಪ್ರಬಂಧವೊಂದನ್ನು ಪ್ರಕಟಿಸಿದರು. (ಅದೇ ಸಂಸ್ಥೆಯ ಎರಡನೇ ಆವರಣ ಈಗ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ.) ಮೃದಂಗದ ಚರ್ಮದ ಮೇಲೆ ಸಣ್ಣ ಮರಳು ಉದುರಿಸಿ ನುಡಿಸಿದರೆ, ಚರ್ಮ ನಡುಗದೆ ನಿಂತ ಜಾಗಗಳಲ್ಲಿ ಮರಳು ಸಾಲುಗಟ್ಟುತ್ತದೆ. ನಡುವಿನ ಕರಣೆಯಿಂದಾಗಿ ಮೃದಂಗದ ಉಪನಾದಗಳು ಒಂದಕ್ಕೊಂದು ಪೂರ್ಣಾಂಕದ ಸಂಬಂಧದಲ್ಲಿ ನಿಲ್ಲುತ್ತವೆ, ಹಾಗಾಗಿ ಅದಕ್ಕೆ ಶ್ರುತಿ ಇದೆ ಎಂದು ಅವರು ವಿವರಿಸಿದರು. ಮರಳಿನ ಆ ಗೆರೆಗಳನ್ನು ಯಾರೂ ವಿನ್ಯಾಸ ಮಾಡಿದ್ದಲ್ಲ, ಚರ್ಮವೇ ಬರೆದದ್ದು. ಎಲ್‌ಇಡಿ ಗೋಡೆಯ ಕೆಂಪು ವೃತ್ತಕ್ಕೆ ಆ ಹಕ್ಕಿಲ್ಲ. ತಗ್ಗು ಧ್ವನಿಗೂ ವೃತ್ತಕ್ಕೂ ಯಾವ ನಂಟೂ ಇಲ್ಲ, ಯಾರೋ ಗಂಟು ಹಾಕಿದ್ದಾರೆ. ಗಂಟು ಹಾಕಿದವರೇ ಅದರ ಕರ್ತೃ. ಪ್ರೇಕ್ಷಕರಿಗೆ ಮಾತ್ರ ಸಂಗೀತವೇ ತನ್ನ ಚಿತ್ರವನ್ನು ತಾನು ಬರೆದುಕೊಳ್ಳುತ್ತಿದೆ ಎಂಬ ಭ್ರಮೆ. ನನ್ನ ತಕರಾರಿನ ಮೂಲ ಇಲ್ಲಿದೆ.

ಈಗ ವೇದಿಕೆಯಿಂದ ಉರುಮೆಯನ್ನು ಇಳಿಸಿ, ಅಲ್ಲಿ ಸಿರಿಯಜ್ಜಿಯನ್ನು ಕೂರಿಸಿಕೊಳ್ಳಿ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ನೆನಪಿನಲ್ಲಿದ್ದ ಹಾಡುಗಳಿಗೆ ಲೆಕ್ಕವಿರಲಿಲ್ಲ. ಕೃಷ್ಣಮೂರ್ತಿ ಹನೂರು ಆಕೆಯ ಪದಗಳನ್ನು ಕೇಳಿ ಬರೆದುಕೊಂಡು ‘ಸಾವಿರದ ಸಿರಿಬೆಳಗು’ ಸಂಗ್ರಹವನ್ನು ತಂದರು. ಈ ಸೀಮೆಯ ಹೆಂಗಸರ ಪದಗಳನ್ನು ಹಟ್ಟಿಯಲ್ಲಿ ಕೂತು ಕೇಳಿದವರಿಗೆ ಗೊತ್ತು: ಚಿಕ್ಕ ಹರವಿನಲ್ಲಿ ಓಡಾಡುವ ಒಂದು ಧಾಟಿ, ಅದೇ ಧಾಟಿ ನುಡಿಯಿಂದ ನುಡಿಗೆ ತಿರುಗಿ ತಿರುಗಿ ಬರುತ್ತದೆ, ಬದಲಾಗುವುದು ಮಾತು. ಒಂದೇ ಪದ ಬದಲಾಗಿ ಕತೆ ಮುಂದಕ್ಕೆ ಹೋಗುತ್ತದೆ, ಕೇಳುತ್ತಿರುವವರ ಕಣ್ಣು ಒದ್ದೆಯಾಗುತ್ತದೆ. ಎಫ್‌ಎಫ್‌ಟಿಗೆ ಮೊದಲನೇ ನುಡಿಯೂ ಮೂವತ್ತನೇ ನುಡಿಯೂ ಹೆಚ್ಚುಕಡಿಮೆ ಒಂದೇ. ಮಾತನ್ನು ಮಾತಾಗಿಸುವ ವ್ಯಂಜನಗಳಲ್ಲಿ ಶಕ್ತಿ ತೀರಾ ಕಡಿಮೆ. ‘ಸ’ಕಾರದ ಸುಯ್ಲು ಎತ್ತರದ ಫ್ರೀಕ್ವೆನ್ಸಿಯಲ್ಲಿ ತೆಳ್ಳಗೆ ಹರಡಿರುತ್ತದೆ, ‘ಪ’ಕಾರದ ಮೊದಲರ್ಧವಂತೂ ಬರಿಯ ಮೌನ. ಯಂತ್ರ ಬಲವನ್ನು ಅಳೆಯುತ್ತದೆ, ಅರ್ಥ ಕೂತಿರುವುದು ಬಲವಿಲ್ಲದ ಕಡೆ. ಹಾಗಾಗಿ ತಾಳವಾದ್ಯವಿಲ್ಲದೆ ಒಂಟಿ ದನಿಯಲ್ಲಿ ಹಾಡುವ ಮುದುಕಿಯ ಹಿಂದೆ ಪರದೆ ಮಂಕಾಗಿ ಅಲ್ಲಾಡುತ್ತದೆ. ಮುಂದಿನ ಸಾಲಿನಲ್ಲಿ ಕೂತ ಸಂಘಟಕರಿಗೆ ಅದು ಡಲ್ ಐಟಮ್ಮಾಗಿ ಕಾಣಿಸುತ್ತದೆ. ಮುಂದಿನ ವರ್ಷದ ಪಟ್ಟಿಯಲ್ಲಿ ಯಾರ ಹೆಸರು ಬಿಟ್ಟುಹೋಗಬಹುದೆಂದು ಊಹಿಸಲು ಕಷ್ಟವಿಲ್ಲ.

ಕಾಡುಗೊಲ್ಲರ ಗಣೆಯ ಪಾಡು ಬೇರೆ. ಜುಂಜಪ್ಪನ ಕತೆಯನ್ನು ಹಾಡುತ್ತ ನಡುನಡುವೆ ಊದುವ ಆ ಉದ್ದನೆಯ ಕೊಳಲನ್ನು ಯಂತ್ರ ಸುಲಭವಾಗಿ ಹಿಡಿದೀತು. ಕೊಳಲಿನ ನಾದದಲ್ಲಿ ಉಪನಾದಗಳು ಕಡಿಮೆ, ಪರದೆಯ ಮೇಲೆ ಅದು ಒಂಟಿ ಗೆರೆಯಾಗಿ ಚೊಕ್ಕವಾಗಿ ನಿಲ್ಲುತ್ತದೆ. ಊದುವವನು ಗಣೆಯನ್ನು ಬಾಯಿಂದ ತೆಗೆದು ಕತೆ ಹೇಳತೊಡಗಿದ ಕೂಡಲೇ ಗೆರೆ ಚದುರಿಹೋಗುತ್ತದೆ. ಊದುವುದೂ ಹೇಳುವುದೂ ಒಂದೇ ಉಸಿರಿನ ಎರಡು ಭಾಗ ಎಂಬುದು ಆ ಕಲೆಯ ಜೀವ. ಚಿತ್ರ ಅದನ್ನು ಎರಡು ಬೇರೆ ಘಟನೆಗಳಾಗಿ ತೋರಿಸುತ್ತದೆ.

ಇಷ್ಟು ಹೇಳಿದವನಿಗೆ ಒಂದು ಪ್ರಶ್ನೆ ಎದುರಾಗಲೇಬೇಕು: ಹನೂರರ ಪುಸ್ತಕವೂ ಧ್ವನಿಯನ್ನು ಕಣ್ಣಿಗೆ ಒಪ್ಪಿಸಿದ್ದೇ ಅಲ್ಲವೇ? ಹೌದು. ಮೊಳಕಾಲ್ಮೂರು ತಾಲ್ಲೂಕಿಗಂತೂ ಈ ವ್ಯವಹಾರ ಎರಡು ಸಾವಿರ ವರ್ಷಕ್ಕೂ ಹಳೆಯದು. ಬಿ.ಎಲ್. ರೈಸ್ 1892ರಲ್ಲಿ ಗುರುತಿಸಿದ ಅಶೋಕನ ಶಾಸನಗಳು ಅಲ್ಲಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿವೆ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಹೇಳಿಕಳಿಸಿದ ಮಾತು ಅಲ್ಲಿ ಬಂಡೆಯ ಮೇಲೆ ಬ್ರಾಹ್ಮೀ ಅಕ್ಷರವಾಗಿದೆ. ಬರೆದವನು ಚಪಡ. ಕೊನೆಯಲ್ಲಿ ತನ್ನ ಹೆಸರು ಹಾಕಿ, ‘ಲಿಪಿಕಾರ’ ಎಂಬ ಅರ್ಥದ ಪದವನ್ನು ಮಾತ್ರ ಇಲ್ಲಿ ಯಾರಿಗೂ ಪರಿಚಯವಿರದ ಖರೋಷ್ಠಿ ಲಿಪಿಯಲ್ಲಿ ಕೆತ್ತಿಹೋಗಿದ್ದಾನೆ. ಅದು ಹೆಮ್ಮೆಯೋ ತುಂಟತನವೋ, ನನಗಂತೂ ಆತನ ಮೇಲೆ ಪ್ರೀತಿ. ಲಿಪಿಯೂ ಒಂದು ಜರಡಿ. ರಾಗ, ಏರಿಳಿತ, ಉಸಿರು, ಕೆಮ್ಮು ಎಲ್ಲವನ್ನೂ ಚೆಲ್ಲಿ ಪದವನ್ನು ಉಳಿಸಿಕೊಳ್ಳುತ್ತದೆ. ‘ಸಾವಿರದ ಸಿರಿಬೆಳಗು’ ಓದುವವರಿಗೆ ಅಜ್ಜಿಯ ದನಿ ಸಿಗುವುದಿಲ್ಲ. ಆದರೆ ಲಿಪಿ ತನ್ನ ನಷ್ಟವನ್ನು ಮುಚ್ಚಿಡುವುದಿಲ್ಲ. ಪುಸ್ತಕ ಹಿಡಿದ ಯಾರೂ ತಾನು ಹಾಡನ್ನೇ ಕೇಳುತ್ತಿದ್ದೇನೆ ಎಂದುಕೊಳ್ಳುವುದಿಲ್ಲ. ಮೇಲಾಗಿ ಚಪಡ ತನ್ನ ಹೆಸರು ಹಾಕಿದ. ಎಲ್‌ಇಡಿ ಗೋಡೆಯ ಮೂಲೆಯಲ್ಲಿ ಅಂಥ ಹೆಸರು ಇನ್ನೂ ಕಂಡಿಲ್ಲ.

ಧ್ವನಿಯೂ ಚಿತ್ರವೂ ಒಟ್ಟಿಗೆ ನಡೆಯುವ ಆಟ ನಮಗೆ ಹೊಸದೂ ಅಲ್ಲ. ಮೊಳಕಾಲ್ಮೂರು ದಾಟಿದರೆ ಒಂದು ಕಡೆ ಬಳ್ಳಾರಿ, ಇನ್ನೊಂದು ಕಡೆ ರಾಯದುರ್ಗ. ಎರಡೂ ದಿಕ್ಕು ತೊಗಲುಗೊಂಬೆಯ ಸೀಮೆ. ಬಳ್ಳಾರಿಯ ಬೆಳಗಲ್ಲು ವೀರಣ್ಣ 2023ರಲ್ಲಿ ತೀರಿಕೊಳ್ಳುವವರೆಗೂ ಆ ಕಲೆಯ ದೊಡ್ಡ ಹೆಸರಾಗಿದ್ದರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಂಧ್ರದ ಕಡೆ ಧರ್ಮಾವರದ ಹತ್ತಿರ ನಿಮ್ಮಲಕುಂಟ ಇದೆ. ಬಿಳಿ ಪರದೆ, ಹಿಂದೊಂದು ದೀಪ, ನಡುವೆ ಬಣ್ಣ ತೊಟ್ಟ ತೊಗಲು. ಗೊಂಬೆ ಹಿಡಿದವರೇ ಹಾಡುತ್ತಾರೆ, ಮಾತಾಡುತ್ತಾರೆ, ಕಾಳಗ ಬಂದಾಗ ಕಾಲಡಿಯ ಹಲಗೆಯನ್ನು ದಡದಡ ತುಳಿಯುತ್ತಾರೆ.

ಆ ಹಲಗೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಬಾಣ ತಾಗಿ ರಾಕ್ಷಸ ಉರುಳುವ ಕ್ಷಣದಲ್ಲಿ ಕಾಲು ಹಲಗೆಗೆ ಬೀಳುವುದೂ ಕೈ ಗೊಂಬೆಯನ್ನು ಕೆಡವುವುದೂ ಒಂದೇ ಮೈಯ ಕೆಲಸ. ಅಲ್ಲಿ ಧ್ವನಿ ಮೊದಲು, ಚಿತ್ರ ಆಮೇಲೆ ಎಂಬ ಸರದಿ ಇಲ್ಲ. ಎಷ್ಟೋ ಸಲ ಚಿತ್ರವೇ ಮೊದಲು: ಗೊಂಬೆ ಪರದೆಯಿಂದ ಚೂರು ಹಿಂದಕ್ಕೆ ಸರಿದು ನೆರಳು ಮಸುಕಾಗುತ್ತದೆ, ಏನೋ ಆಗಲಿದೆ ಎಂದು ನಮ್ಮ ಎದೆಗೆ ಗೊತ್ತಾಗುತ್ತದೆ, ಆಮೇಲೆ ಆಲಾಪ. ಕತೆ ಗೊತ್ತಿದ್ದವರಿಗೆ ಮಾತ್ರ ಹೀಗೆ ಮುಂಚೆ ಇರಲು ಸಾಧ್ಯ. ಎಫ್‌ಎಫ್‌ಟಿ ಯಾವತ್ತೂ ಹಿಂದೆ. 46 ಮಿಲಿಸೆಕೆಂಡೋ 186ಓ, ಅದು ಕಳೆದದ್ದನ್ನಷ್ಟೇ ಬಲ್ಲದು. ಕಿಳ್ಳೇಕ್ಯಾತ ಬಂಗಾರಕ್ಕ ಬಂದು ಜಗಳ ಶುರುಮಾಡಿದಾಗ ಪ್ರೇಕ್ಷಕರು ನಕ್ಕರೆ, ಆ ನಗು ಮುಗಿಯುವವರೆಗೆ ಗೊಂಬೆಯೂ ಕಾಯುತ್ತದೆ, ಮದ್ದಳೆಯೂ ಕಾಯುತ್ತದೆ. ನಮ್ಮ ಗೋಡೆಗೆ ಪ್ರೇಕ್ಷಕರ ನಗು ಮೈಕಿಗೆ ಬಿದ್ದ ಇನ್ನಷ್ಟು ‘ಮಿಡ್’.

ಹಾಗೆಂದು ಈ ವಿದ್ಯೆಯನ್ನೇ ತಳ್ಳಿಹಾಕುವುದು ಅನ್ಯಾಯ. ಕೆನಡಾದ ನಾರ್ಮನ್ ಮೆಕ್ಲಾರೆನ್ 1971ರಲ್ಲಿ ‘ಸಿಂಕ್ರೊಮಿ’ ಎಂಬ ಕಿರುಚಿತ್ರ ಮಾಡಿದ. ಫಿಲ್ಮಿನ ಅಂಚಿನಲ್ಲಿ ಧ್ವನಿಪಥಕ್ಕಾಗಿ ಬಳಸಿದ ಪಟ್ಟಿಗಳನ್ನೇ ಬಣ್ಣ ಹಚ್ಚಿ ತೆರೆಯ ನಡುವಿಗೆ ತಂದ. ಕೇಳುವುದೂ ನೋಡುವುದೂ ಅಕ್ಷರಶಃ ಒಂದೇ ವಸ್ತು. ನಿಯಮ ಇಷ್ಟು ಬಿಗಿಯಾಗಿದ್ದೂ ಅದು ನೋಡುಗರನ್ನು ಹಿಡಿಯುತ್ತದೆ, ಯಾಕೆಂದರೆ ಸಂಗೀತವನ್ನೂ ಅದೇ ಕಣ್ಣಿಗಾಗಿ ಆತನೇ ರಚಿಸಿದ್ದ. ನಮ್ಮಲ್ಲೂ ಲೈವ್ ದೃಶ್ಯ ಮಾಡುವ ಒಳ್ಳೆಯ ಕಲಾವಿದರು ಎಫ್‌ಎಫ್‌ಟಿಯನ್ನು ಪೂರ್ತಿ ನಂಬುವುದಿಲ್ಲ. ಒಂದು ಕೈ ಸದಾ ಫೇಡರಿನ ಮೇಲಿರುತ್ತದೆ, ಕಣ್ಣು ವಾದ್ಯದವರ ಭುಜದ ಮೇಲೆ. ಭುಜ ಎದ್ದರೆ ಪೆಟ್ಟು ಬರಲಿದೆ ಎಂದು ಅರ್ಥ. ಎಲ್ಲಿ ಪರದೆಯನ್ನು ಕಪ್ಪಾಗಿ ಬಿಡಬೇಕೆಂದು ಅವರಿಗೆ ಗೊತ್ತಿರುತ್ತದೆ. ನನ್ನ ಮೆಚ್ಚುಗೆ ಮೊದಲು ಹೋಗುವುದು ಆ ಕಪ್ಪಿಗೆ.

ಆ ಸಂಜೆ ಕಾರ್ಯಕ್ರಮ ಮುಗಿದ ಮೇಲೆ ಲ್ಯಾಪ್‌ಟಾಪಿನ ಹಿಂದಿದ್ದ ಹುಡುಗನನ್ನು ಮಾತಾಡಿಸಿದೆ. ಮೊಳಕಾಲ್ಮೂರು ಕಡೆಯವನು, ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗ. ಯೂಟ್ಯೂಬ್ ನೋಡಿ ಕಲಿತಿದ್ದನಂತೆ. ಉಜ್ಜುವಾಗ ಚಿತ್ರ ಯಾಕೆ ನಿಂತಿತು ಎಂದು ಕೇಳಿದೆ. “ಅದ್ರಾಗೆ ಬೀಟೇ ಇಲ್ವಲ್ಲ ಸಾರ್, ಏನ್ ಹಿಡೀತೈತೆ ಅದು?” ಎಂದ. ತಕ್ಷಣ ಅವನಿಗೇ ಏನೋ ಹೊಳೆದಿರಬೇಕು. “ಬಲ ನೋಡೋದು ಬಿಟ್ಟು ಯಾವ ಗೂಡಿಂದ ಯಾವ ಗೂಡಿಗೆ ಜಾರ್ತೈತೆ ಅಂತ ನೋಡ್ಬೋದಿತ್ತು. ಗೆರೆನ ಬಗ್ಗಿಸಬೋದಿತ್ತು” ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಮಗ್ಗದ ಮನೆಯ ಹುಡುಗನಿಗೆ ಎಳೆ ಸರಿಯುವುದು ಕಣ್ಣಿಗೆ ಕಟ್ಟದೆ ಇರುತ್ತದೆಯೇ? ಅವನು ಹೇಳಿದ್ದು ಸರಿಯಾದ ದಾರಿ. ಉರುಮೆಯ ಉಜ್ಜುವಿಕೆಗೆ ಬೇಕಿರುವುದು ಜಾರುವಿಕೆಯನ್ನು ಹಿಂಬಾಲಿಸುವ ಲೆಕ್ಕ. ಉರುಮೆ ಕೇಳಿ ಬೆಳೆದವರೇ ಅದನ್ನು ಬರೆಯಬೇಕಾದೀತು.

ನಾವು ಮಾತಾಡುತ್ತಿದ್ದಾಗ ಉರುಮೆಯ ಹಿರಿಯರೂ ಅಲ್ಲಿಗೆ ಬಂದರು. ನಡುವೆ ಒಮ್ಮೆ ಅವರು ಹಿಂತಿರುಗಿ ಗೋಡೆಯನ್ನು ನೋಡಿದ್ದನ್ನು, ಆಮೇಲೆ ಉಜ್ಜುವುದನ್ನು ಬಿಟ್ಟು ಕೊನೆಯವರೆಗೆ ಬರೀ ಬಡಿದದ್ದನ್ನು ನಾನು ಗಮನಿಸಿದ್ದೆ. ಯಾಕೆ ಯಜಮಾನ್ರೆ ಎಂದು ಕೇಳಿದೆ. “ಏನ್ ಮಾಡ್ಲಿ ಸಾಮಿ, ಬಡಿದ್ರೇ ಕುಣೀತಿತ್ತು ಅದು” ಎಂದು ನಕ್ಕರು. ಬಾಗಿದ ಕೋಲನ್ನು ಒರೆಸಿ ಚೀಲಕ್ಕೆ ಹಾಕಿಕೊಂಡು, ತಳಕಿನ ಕಡೆ ಹೋಗುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಹುಡುಗನನ್ನು ಕೇಳಿದರು.